ಹೆಡ್‌ಲೈಟು, ಹುಲಿಕಲ್ ಘಾಟಿ ಮತ್ತು ಅಪ್ಪ

ನಮ್ಮ ಮಾಸ್ತಿಕಟ್ಟೆಯ ಪಕ್ಕದಲ್ಲೇ ಮಾಣಿ ಡ್ಯಾಮು. ಘಾಟಿ ಇಳಿದರೆ ಹೊಸಂಗಡಿಯಲ್ಲಿ 460 ಮೆಗಾವ್ಯಾಟಿನ ವಾರಾಹಿ ಭೂಗತ ವಿದ್ಯುದಾಗಾರ. ರಾಜ್ಯಕ್ಕೆಲ್ಲ ಕರೆಂಟು ಕೊಡೋ ಊರು ಅಂತ ಜಂಬ ಕೊಚ್ಚಬಹುದು. ಆದರೆ ನಡುವಿನ ಹುಲಿಕಲ್ ಘಾಟಿ ಮಾತ್ರ ರಾತ್ರಿ ಹೊತ್ತು ಕಗ್ಗತ್ತಲು! ಮಳೆಗಾಲದಲ್ಲಿ ಮಂಜು ಕವಿದರಂತೂ ರಸ್ತೆಯ ಅಂಚೇ ಕಾಣೋಲ್ಲ.

ಅಕ್ಕನನ್ನು ಕೊಟ್ಟಿದ್ದು ಘಾಟಿ ಕೆಳಗಿನ ಸಿದ್ದಾಪುರಕ್ಕೆ. ಮೊಮ್ಮಗಳನ್ನು ನೋಡೋಕೆ ಅಪ್ಪ ವಾರಕ್ಕೊಮ್ಮೆ ಬೈಕಲ್ಲಿ ಹೋಗ್ತಾರೆ, ಬರುವಾಗ ಕತ್ತಲೆ ಮಾಡಿಕೊಂಡೇ ಬರ್ತಾರೆ. ಇತ್ತ ಅಮ್ಮ ಬೆಂಗಳೂರಿಗೆ ಫೋನು ಮಾಡಿ, "ನಿನ್ನಪ್ಪಂಗೆ ನೀನಾದ್ರೂ ಹೇಳೋ" ಅಂತಾಳೆ. ಹೇಳಿದರೆ ಕೇಳಬೇಕಲ್ಲ? "ಲೈಟು ಸ್ವಲ್ಪ ಡಿಮ್ಮು, ಅಷ್ಟೇ ಮಾರಾಯ" ಅನ್ನೋದು ಅಪ್ಪನ ಉತ್ತರ.

ಸರಿ, ಲೈಟನ್ನೇ ನೋಡೋಣ ಅಂತ ಕಳೆದ ರಜೆಯಲ್ಲಿ ಕೂತೆ. ಅದು ಹಳೇ ಬೈಕು, ಹೆಡ್‌ಲೈಟಿಗೆ ಬ್ಯಾಟರಿಯ ಸಂಬಂಧವೇ ಇಲ್ಲ, ಇಂಜಿನ್ ತಿರುಗಿದಷ್ಟೇ ಬೆಳಕು. ಹೇರ್‌ಪಿನ್ ತಿರುವಲ್ಲಿ ಫಸ್ಟ್ ಗೇರಿಗೆ ಬಂದು ನಿಧಾನ ಮಾಡಿದಿರೋ, ಬೇಕಾದ ಹೊತ್ತಲ್ಲೇ ಲೈಟು ಮಂಕು! ಗೆಳೆಯರು ಎಲ್‌ಇಡಿ ಹಾಕು ಅಂದರು. ಹ್ಯಾಲೊಜನ್ ಬಲ್ಬಿಗೆ ಮಾಡಿದ ಡೂಮಿನಲ್ಲಿ ಎಲ್‌ಇಡಿ ಹಾಕಿದರೆ ಬೆಳಕು ಅಡ್ಡಾದಿಡ್ಡಿ ಚೆಲ್ಲಿ ಎದುರಿನವರ ಕಣ್ಣು ಕುಕ್ಕುತ್ತೆ. 60 ವ್ಯಾಟಿನ ಬಲ್ಬು 5 ಆಂಪಿಯರ್ ಎಳೆಯುತ್ತೆ, ಪುಟ್ಟ ಇಂಜಿನ್ನಿಗೆ ಅದು ಭಾರ. ಹಾಗಾಗಿ 35 ವ್ಯಾಟಿಗೇ ನಿಂತೆ. ತೀರ್ಥಹಳ್ಳಿಯ ಗ್ಯಾರೇಜಲ್ಲಿ ಕಾಯಿಲ್ ವೈರಿಂಗ್ ಬದಲಿಸಿ, ಹೊಸ ರೆಕ್ಟಿಫೈಯರ್ ಹಾಕಿಸಿ, ಲೈಟನ್ನು ಬ್ಯಾಟರಿಗೆ ತಂದೆವು. ಬ್ಯಾಟರಿಯಿಂದ ದಪ್ಪ ವೈರು, ನಡುವೆ ರಿಲೇ, ಫ್ಯೂಸು. ವೋಲ್ಟೇಜು ಹತ್ತು ಶೇಕಡಾ ಇಳಿದರೆ ಹ್ಯಾಲೊಜನ್ ಬೆಳಕು ಸುಮಾರು ಮೂವತ್ತು ಶೇಕಡಾ ಇಳಿಯುತ್ತೆ, ಹಾಗಾಗಿ ವೈರಿಗೆ ಜಿಪುಣತನ ಮಾಡಬಾರದು. ಮಬ್ಬಾದ ಡೂಮನ್ನೂ ಬದಲಿಸಿ, ಮಂಜಿನಲ್ಲಿ ಹೈ ಬೀಮ್ ಹಾಕಿದರೆ ಬೆಳಕು ವಾಪಸ್ ಕಣ್ಣಿಗೇ ಹೊಡೆಯುತ್ತೆ ಅಂತ ಡಿಪ್ಪನ್ನು ಗೋಡೆಗೆ ಹಿಡಿದು ಸರಿಯಾಗಿ ತಗ್ಗಿಸಿದೆ.

ಅವತ್ತು ರಾತ್ರಿಯೇ ಅಪ್ಪ ಮುಂದೆ, ನಾನು ಹಿಂದೆ, ಘಾಟಿಗೆ ಹೊರಟೆವು. ಬೆಳಕು ಸೊಗಸಾಗಿತ್ತು, ತಿರುವಲ್ಲೂ ಕುಗ್ಗಲಿಲ್ಲ. ಅಷ್ಟರಲ್ಲಿ ಎದುರಿಂದ ಲಾರಿ ಬಂತು. ಅಪ್ಪ ಪೂರ್ತಿ ನಿಲ್ಲಿಸಿಬಿಟ್ಟರು. ಲಾರಿ ದಾಟಿ ಹೋದರೂ ಬೈಕು ಹೊರಡಲಿಲ್ಲ.

"ಎಂತ ಆಯ್ತಪ್ಪಾ?"

"ಎದುರಿಂದ ಗಾಡಿ ಬಂದ್ರೆ ಎಲ್ಲ ಬೆಳ್ಳಗೆ ಆಗ್ತದೆ. ಸ್ವಲ್ಪ ಹೊತ್ತು ಎಂತದೂ ಕಾಣೂದಿಲ್ಲ. ನೀ ಅಮ್ಮಂಗೆ ಹೇಳ್ಬೇಡ."

ಅರವತ್ತು ದಾಟಿದವರ ಕಣ್ಣಿನೊಳಗೆ ಇಪ್ಪತ್ತರ ಹರೆಯದವರ ಮೂರನೇ ಒಂದು ಭಾಗದಷ್ಟೇ ಬೆಳಕು ತಲುಪುತ್ತಂತೆ. ಪೊರೆ ಬಂದರೆ ಆ ಬೆಳಕೂ ಒಳಗೇ ಚದುರುತ್ತೆ. ಯಾವ ರಿಲೇ, ಯಾವ ವೈರು ಅದನ್ನು ಸರಿಮಾಡೀತು? ವಾಪಸ್ ಮನೆಗೆ ಬೈಕು ಓಡಿಸಿದ್ದು ನಾನು.

ಅಮ್ಮನಿಗೆ ಹೇಳಿಯೇ ಹೇಳಿದೆ. ಮಾರನೇ ದಿನ ಶಿವಮೊಗ್ಗದಲ್ಲಿ ತೋರಿಸಿದಾಗ ಎರಡೂ ಕಣ್ಣಿಗೆ ಪೊರೆ ಅಂದರು. ಮುಂದಿನ ತಿಂಗಳು ಆಪರೇಷನ್ನು. ಅಲ್ಲಿವರೆಗೆ ಅಪ್ಪ ಬಸ್ಸಿನಲ್ಲಿ ಸಿದ್ದಾಪುರಕ್ಕೆ ಹೋಗ್ತಿದ್ದಾರೆ, ನನ್ನ ಮೇಲೆ ಸಣ್ಣ ಸಿಟ್ಟೂ ಇದೆ.

ನಿಮ್ಮಪ್ಪನೂ "ಲೈಟು ಡಿಮ್ಮು" ಅಂದರೆ, ಬಲ್ಬು ಬದಲಿಸಿ. ಆಮೇಲೆ ಒಂದು ರಾತ್ರಿ ಅವರ ಹಿಂದೆ ಕೂತೂ ನೋಡಿ.