ಏಳಲೊಲ್ಲದ ಪೆಟ್ಟಿಗೆ

ಕೆಡುವ ಯಂತ್ರಗಳಲ್ಲಿ ಎರಡು ಜಾತಿ. ಒಂದು, ಗೊರಗೊರ ಸದ್ದು ಮಾಡಿ, ಹೊಗೆ ಬಿಟ್ಟು, ಮನೆಮಂದಿಯನ್ನೆಲ್ಲ ಎಬ್ಬಿಸಿ ಕೆಡುವಂಥದು. ಇನ್ನೊಂದು, ರಾತ್ರಿ ನೆಟ್ಟಗಿದ್ದು ಬೆಳಗಾಗುವುದರೊಳಗೆ ಮೌನವ್ರತ ಹಿಡಿಯುವಂಥದು. ಮೊದಲನೆಯದರ ರೋಗ ಮೂಗಿಗೇ ತಿಳಿಯುತ್ತದೆ. ಎರಡನೆಯದರ ಮುಂದೆ ಮಾತ್ರ ಎಂಥ ಬುದ್ಧಿವಂತನೂ ಗುಂಡಿಯನ್ನು ಹತ್ತು ಸಲ ಒತ್ತಿ, ನೆತ್ತಿಯ ಮೇಲೆ ಎರಡು ಪೆಟ್ಟು ಕೊಟ್ಟು ಕೈಚೆಲ್ಲುತ್ತಾನೆ. ನನ್ನ ಅಕ್ಕನ ಮನೆಯ ಟೀವಿ ಈ ಎರಡನೆಯ ಜಾತಿಯದು.

ಅಕ್ಕನ ಮನೆ ಇರುವುದು ಜೋಯಿಡಾ ತಾಲೂಕಿನ ಗುಂದದ ಕಡೆ, ಅಡಿಕೆ ತೋಟದ ನಡುವೆ. ಟೀವಿ ಎಂದರೆ ಗೋಡೆಗೆ ಅಂಟಿಕೊಳ್ಳುವ ಈಗಿನ ಹಪ್ಪಳವಲ್ಲ. ಬೆನ್ನಿಗೆ ಡುಬ್ಬವುಳ್ಳ, ಇಬ್ಬರು ಹಿಡಿದು ಎತ್ತಬೇಕಾದ ಪಿಕ್ಚರ್ ಟ್ಯೂಬಿನ ಪೆಟ್ಟಿಗೆ. ಭಾವ ಕೊಂಡದ್ದು. ಈಗ ಭಾವ ಇಲ್ಲ, ಮಗ ಬೆಂಗಳೂರಿನಲ್ಲಿ. ಮಳೆಗಾಲದ ನಾಲ್ಕು ತಿಂಗಳು ಆ ಮನೆಯಲ್ಲಿ ಮನುಷ್ಯರ ದನಿ ಎಂದು ಕೇಳಿಸುವುದು ಹೆಚ್ಚಾಗಿ ಪೆಟ್ಟಿಗೆಯೊಳಗಿನದೇ. "ಎಂತದೋ ಆಯ್ದು ತಮ್ಮಾ, ಒತ್ತಿದ್ರೆ ಉಸಿರೇ ಇಲ್ಲೆ" ಎಂದು ಗುಡ್ಡ ಹತ್ತಿ, ಸಿಗ್ನಲ್ ಹುಡುಕಿ, ದಾಂಡೇಲಿಯಲ್ಲಿರುವ ನನಗೆ ಫೋನು ಮಾಡಿದಳು. ಮಗನಿಗೆ ಮೊದಲೇ ಹೇಳಿದ್ದಳಂತೆ. ಅವನು, "ಟೀವಿಯೂ ಹೋತು, ಇನ್ನು ಅಲ್ಲಿ ಎಂತ ಇದ್ದು? ಇಲ್ಲಿಗೇ ಬಂದ್ಬಿಡು" ಎಂದನಂತೆ. ಅವನನ್ನು ದೂರುವಂತಿಲ್ಲ, ಒಂಟಿ ತಾಯಿಯ ಚಿಂತೆ ಯಾವ ಮಗನಿಗಿಲ್ಲ? ಆದರೆ ಹೀಗಾಗಿ ಒಂದು ಟೀವಿಯ ರಿಪೇರಿ, ಆ ಮನೆಯ ಬಾಗಿಲು ತೆರೆದಿರಬೇಕೋ ಮುಚ್ಚಬೇಕೋ ಎಂಬ ದೊಡ್ಡ ಪ್ರಶ್ನೆಗೆ ತಗುಲಿಕೊಂಡಿತು.

ಹೊಸದನ್ನು ಕೊಳ್ಳಬಾರದೇ ಎಂದು ನೀವು ಕೇಳಬಹುದು. ನಾನೂ ಕೇಳಿದೆ. "ಎಂತಾಯ್ದು ಹೇಳಿ ನೋಡದೇ ಬಿಸಾಡದಾ?" ಎಂದಳು. ಈ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ.

ನನ್ನ ಮೊದಲ ಗುಮಾನಿ ಕರೆಂಟಿನ ಮೇಲೆ. ಜೋಯಿಡಾ ಹಿಂದೆ ಸೂಪಾ ತಾಲೂಕು. ಸೂಪಾ ಊರೇ ಕಾಳಿ ನದಿಯ ಅಣೆಕಟ್ಟಿನ ನೀರಿನಲ್ಲಿ ಮುಳುಗಿತು. ಆ ನೀರು ನಾಡಿಗೆಲ್ಲ ದೀಪ ಹಚ್ಚುತ್ತದೆ. ಅಕ್ಕನ ಮನೆಯ ದೀಪ ಮಾತ್ರ ನಾಲ್ಕು ಹನಿ ಬಿದ್ದರೆ ಕಣ್ಣು ಮುಚ್ಚುತ್ತದೆ. ಆದರೆ ಅದೇ ಪ್ಲಗ್ಗಿಗೆ ಹಚ್ಚಿದ ಟೇಬಲ್ ದೀಪ ಚೆನ್ನಾಗಿಯೇ ಉರಿಯಿತು. ರೋಗ ಒಳಗಿನದೇ ಎಂದಾಯಿತು. ಪೆಟ್ಟಿಗೆಗೆ ಕಂಬಳಿ ಸುತ್ತಿ ಜೀಪಿಗೇರಿಸಿದೆವು. ದಾಂಡೇಲಿಯ ಅಂಗಡಿಯವರು ಅದರ ಮುಖವನ್ನೂ ನೋಡದೆ ಹೊಸ ಟೀವಿಗಳ ಬೆಲೆ ಹೇಳತೊಡಗಿದರು. ಕೊನೆಗೆ ಹಳಿಯಾಳಕ್ಕೆ ಒಯ್ದೆ.

ಹಳಿಯಾಳದ ಮೆಕ್ಯಾನಿಕ್ ಅರವತ್ತು ದಾಟಿದವರು. ಅವರ ಗೂಡಂಗಡಿಯೊಳಗೆ ಕಾಲಿಡಲು ಜಾಗವಿಲ್ಲ. ಅಟ್ಟದ ಮೇಲೆ ಹಳೆಯ ವಾಲ್ವ್ ರೇಡಿಯೋಗಳು; 1950ರಲ್ಲಿ ಶುರುವಾದ ಧಾರವಾಡ ಆಕಾಶವಾಣಿಯನ್ನು ಎಷ್ಟು ವರ್ಷ ಕೇಳಿಸಿದವೋ! ಪಕ್ಕದಲ್ಲಿ ಮುಂಡಗೋಡದ ಟಿಬೆಟನ್ ಕ್ಯಾಂಪಿನಿಂದ ಬಂದ ಒಂದು ಟೇಪ್‌ರೆಕಾರ್ಡರ್. ಮೂಲೆಯಲ್ಲಿ ಮಗ್ಗಿ ಬರೆಯುತ್ತ ಕೂತ ಮೊಮ್ಮಗ.

ಅವರು ಟೀವಿಯನ್ನು ನೇರವಾಗಿ ಕರೆಂಟಿಗೆ ಹಚ್ಚಲಿಲ್ಲ. ನಡುವೆ ನೂರು ವಾಟಿನ ಒಂದು ಬಲ್ಬು ಕೂಡಿಸಿದರು. ಒಳಗೆಲ್ಲಾದರೂ ಶಾರ್ಟ್ ಆಗಿದ್ದರೆ ಬಲ್ಬು ಪೂರ್ತಿ ಉರಿದು ಚಾಡಿ ಹೇಳುತ್ತದೆ. ಇದು ಮಿಣ್ಣೆಂದು ಒಮ್ಮೆ ಮಿಂಚಿ ನಂದಿತು. "ಸತ್ತಿಲ್ರೀ ಮಾಸ್ತರ್ರ, ಏಳವಲ್ತು ಅಷ್ಟ" ಎಂದರು. ಮೀಟರು ಹಿಡಿದರೆ ದೊಡ್ಡ ಕೆಪಾಸಿಟರಿನಲ್ಲಿ ಹತ್ತಿರ ಹತ್ತಿರ 320 ವೋಲ್ಟ್. ಅಂದರೆ ಕರೆಂಟು ಅಂಗಳದವರೆಗೆ ಬಂದಿದೆ, ಒಳಗೆ ಕರೆಯುವವರಿಲ್ಲ.

ಪ್ಲಗ್ ಕಿತ್ತ ಮೇಲೂ ಅವರು ಮೊಮ್ಮಗನನ್ನು ದೂರ ಸರಿಸಿದರು. "ನಡಿಯೋ ಟೀವಿ ಬಂದ ಕರೆಂಟ್ ತಿಂದ ಮುಗಸ್ತದ್ರಿ. ಏಳದ ಟೀವಿ ಹಂಗ ಹಿಡ್ಕೊಂಡ ಕುಂತಿರ್ತದ" ಎಂದು ಇನ್ನೊಂದು ಬಲ್ಬಿನ ಎರಡು ತಂತಿಗಳನ್ನು ಕೆಪಾಸಿಟರಿನ ಕಾಲುಗಳಿಗೆ ಮುಟ್ಟಿಸಿದರು. ಬಲ್ಬು ಫಳ್ಳೆಂದು ಬೆಳಗಿ ಆರಿತು; ಕೈಯಾಗಿದ್ದರೆ ಏನಾಗುತ್ತಿತ್ತೆಂದು ಯಾರೂ ಕೇಳಲಿಲ್ಲ. ಪಿಕ್ಚರ್ ಟ್ಯೂಬಿನ ಕಥೆ ಇನ್ನೂ ಘೋರ. ಬಣ್ಣದ ಟೀವಿ ನಡೆಯುವಾಗ ಅಲ್ಲಿ ಇಪ್ಪತ್ತು ಸಾವಿರ ವೋಲ್ಟಿಗೂ ಮೇಲೆ. ನಿಲ್ಲಿಸಿದ ಮೇಲೂ ಅದು ಗಾಜಿನಲ್ಲಿ ಅಡಗಿ ಕೂತಿರಬಹುದು. ಹಾಗಾಗಿ, ಓದುಗ ಮಹಾಶಯರೇ, ಈ ಪ್ರಬಂಧ ಓದಿ ಯಾರೂ ಸ್ಕ್ರೂಡ್ರೈವರ್ ಹಿಡಿಯಬೇಡಿ.

ಆಮೇಲೆ ಅವರು ವಿವರಿಸಿದ್ದು ನನಗೆ ತೋಟದ ಪಂಪಿನ ಭಾಷೆಯಲ್ಲಿ ಅರ್ಥವಾಯಿತು. ಪಂಪು ನೀರೆತ್ತಬೇಕಾದರೆ ಮೊದಲು ನಾವೇ ಒಂದು ಕೊಡ ನೀರು ಹೊಯ್ಯಬೇಕು. ಟೀವಿಯ ಪವರ್ ಸಪ್ಲೈಗೂ ಹಾಗೇ. ಆ ಮೊದಲ ಕೊಡವನ್ನು ಹೊಯ್ಯುವುದು ಒಂದು ಸಣ್ಣ ರೆಜಿಸ್ಟರು. ಒಂದು ಸಲ ನಡೆಯತೊಡಗಿದರೆ ಮುಂದೆ ತನ್ನ ದಾರಿ ತಾನೇ ನೋಡಿಕೊಳ್ಳುತ್ತದೆ. ಅಕ್ಕಿಕಾಳಿಗಿಂತ ತುಸು ದೊಡ್ಡದಾದ, ಬಣ್ಣದ ಪಟ್ಟಿಗಳ ಆ ರೆಜಿಸ್ಟರಿಗೆ ಮೀಟರು ಹಚ್ಚಿದರೆ ಮುಳ್ಳು ಅಲುಗಲಿಲ್ಲ. ವರ್ಷಗಟ್ಟಲೆ ಹಗಲಿರುಳು ಭಾರ ಹೊತ್ತು ಒಳಗೇ ಕಡಿದುಹೋಗಿತ್ತು. ಬೆಲೆ? ಒಂದು ಚಹಕ್ಕೂ ಸಾಲದು. ಅದನ್ನು ಬದಲಿಸಿ, ಒಣಗಿದ್ದ ಇನ್ನೊಂದು ಪುಟ್ಟ ಕೆಪಾಸಿಟರನ್ನೂ ಬದಲಿಸಿದರು. ಹೆಚ್ಚು ವೋಲ್ಟ್ ಹುಟ್ಟಿಸುವ ಎಲ್‌ಒಟಿಯ ಕಾಲುಗಳ ಸುತ್ತ ಕೂದಲೆಳೆಯಂಥ ಬಿರುಕುಗಳಿದ್ದವು. ಭೂತಗನ್ನಡಿ ಹಿಡಿದು ಮತ್ತೆ ಬೆಸುಗೆ ಹಾಕಿದರು.

ಸ್ವಿಚ್ಚು ಹಾಕಿದಾಗ ನನಗೇನೂ ಕೇಳಿಸಲಿಲ್ಲ. ಅವರಿಗೂ ಇಲ್ಲ. ಮಗ್ಗಿ ಬಿಟ್ಟು ತಲೆ ಎತ್ತಿದವನು ಹುಡುಗ: "ಅಜ್ಜಾ, ಕೂಗಾಕತ್ತೈತಿ!" ಈ ಟೀವಿಯ ಗೆರೆ ಎಳೆಯುವ ವ್ಯವಸ್ಥೆ ಸೆಕೆಂಡಿಗೆ 15,625 ಸಲ ಮಿಡಿಯುತ್ತದೆ, ಆ ಸಣ್ಣ ಕೀರಲು ಎಳೆಯ ಕಿವಿಗೆ ಕೇಳುತ್ತದೆ, ವಯಸ್ಸಾದಂತೆ ನಮ್ಮನ್ನು ಬಿಟ್ಟುಹೋಗುತ್ತದೆ. "ನನ್ನ ಕಿವಿ ಹೋಗಿ ಭಾಳ ವರ್ಷಾತ್ರಿ, ಈಗ ಇವನ ನನ್ನ ಮೀಟರು" ಎಂದು ಅಜ್ಜ ನಕ್ಕರು. ತುಸು ಹೊತ್ತಿಗೆ ಗಾಜು ಬೆಳಗಿತು. ಮುಂಗೈ ಹತ್ತಿರ ಒಯ್ದೆ, ರೋಮ ನಿಂತವು.

ನೋಡುವುದಕ್ಕೇನಿದೆ ಎನ್ನಬೇಡಿ. ಆಂಟೆನಾಕ್ಕೆ ಸಿಗುತ್ತಿದ್ದ ದೂರದರ್ಶನದ ಹಳೆಯ ಅನಲಾಗ್ ಪ್ರಸಾರ 2022ರ ಹೊತ್ತಿಗೆ ಬಹುಮಟ್ಟಿಗೆ ನಿಂತುಹೋಯಿತು, ನಿಜ. ಆದರೆ ತಿಂಗಳ ಬಾಡಿಗೆಯಿಲ್ಲದ ಫ್ರೀ ಡಿಶ್ ಪೆಟ್ಟಿಗೆಯ ಮೂರು ಬಣ್ಣದ ವೈರುಗಳನ್ನು ಹಿಂದೆ ಸಿಕ್ಕಿಸಿದರೆ ಈ ಮುದಿ ಟೀವಿಯೂ ಚಂದನವನ್ನು ತೋರಿಸುತ್ತದೆ.

ಮೆಕ್ಯಾನಿಕ್ ಸುಳ್ಳು ಭರವಸೆ ಕೊಡಲಿಲ್ಲ. ಎಲ್‌ಒಟಿ ಹೋದರೆ ತಮ್ಮಲ್ಲಿ ಬೇರೆಯದಿಲ್ಲ, ಮಳೆಗಾಲದ ತೇವವೇ ಇದರ ವೈರಿ, ದಿನಾ ಒಂದು ತಾಸಾದರೂ ಹಚ್ಚಿ ಬೆಚ್ಚಗಿಡಬೇಕು ಎಂದರು. ನಾನು ಅದನ್ನು ಅಕ್ಕನಿಗೆ ಅಕ್ಷರಶಃ ಒಪ್ಪಿಸಿದೆ.

ಮರುದಿನ ಅವಳು ಗುಡ್ಡ ಹತ್ತಿ ಮಗನಿಗೆ ಫೋನು ಮಾಡಿದಳಂತೆ. "ದಿನಾ ಒಂದು ತಾಸು ಹಚ್ಚವು ಹೇಳಿ ರಿಪೇರಿಯವ್ನ ಕಟ್ಟಪ್ಪಣೆ. ಆನು ಅಲ್ಲಿಗೆ ಬಂದ್ರೆ ಹಚ್ಚವ್ರು ಯಾರು?"