ನಾನು ಮುಚ್ಚಿದ ನಲ್ಲಿ

ನಿಮ್ಮ ಅಡುಗೆಮನೆಯ ನಲ್ಲಿಯಿಂದ ರಾತ್ರಿಯಿಡೀ ನೀರು ಬೀಳುತ್ತಿದ್ದರೆ ನೀವೇನು ಮಾಡುತ್ತೀರಿ? ಎದ್ದು ಹೋಗಿ ಬಿಗಿಯಾಗಿ ತಿರುಗಿಸಿ ಬರುತ್ತೀರಿ. ಅಷ್ಟಕ್ಕೂ ನಿಲ್ಲದಿದ್ದರೆ ಮರುದಿನ ವಾಶರ್ ಬದಲಿಸುತ್ತೀರಿ. ನಾನೂ ಹಾಗೆಯೇ. ಹರಿಯುವ ಹೊಳೆಯ ಬದಿಯಲ್ಲಿದ್ದರೂ ವುಝೂವಿಗೆ ಹೆಚ್ಚು ನೀರು ಬಳಸಬಾರದೆಂಬ ಪ್ರವಾದಿ(ಸ)ರ ಬೋಧನೆಯನ್ನು ವರ್ಷ ವರ್ಷವೂ ಮಕ್ಕಳಿಗೆ ಹೇಳಿಕೊಡುವವಳು ನಾನು. ಆದರೆ ಒಂದು ರಾತ್ರಿ ಹಾಗೆ ನಲ್ಲಿ ಮುಚ್ಚಿದ್ದರಿಂದ ನಾನು ಉಳಿಸಿದ್ದು ಒಂದು ಬಕೆಟ್ ನೀರು, ಕಳೆದದ್ದು ಟ್ಯಾಂಕಿನ ಬಹುಪಾಲು ನೀರು. ಅದನ್ನು ನಿಮ್ಮ ಮುಂದೆ ಹೇಳಿಕೊಳ್ಳಬೇಕೆನಿಸಿದೆ.

ನನ್ನ ತಮ್ಮ ಉದ್ಯೋಗ ನಿಮಿತ್ತ ಶ್ರೀನಗರದಲ್ಲಿದ್ದಾನೆ. 2024ರ ಡಿಸೆಂಬರ್ ಮೊದಲ ವಾರದಲ್ಲಿ ಅವನಿಗೆ ಹೆಣ್ಣು ಮಗುವಾಯಿತು. ಬಾಣಂತನ ಮಾಡಬೇಕಾಗಿದ್ದ ಅವನ ಅತ್ತೆ ಹಾಸಿಗೆ ಹಿಡಿದಿದ್ದರು. ಶಾಲೆಗೆ ರಜೆ ಹಾಕಿ ಶಿವಮೊಗ್ಗದಿಂದ ನಾನೇ ಹೊರಟೆ. ಮಲೆನಾಡಿನವಳು, ಚಳಿಯೇನು ನನಗೆ ಹೊಸದೇ ಎಂಬ ಧೈರ್ಯ ಬೇರೆ. ಬಚ್ಚಲ ಹಂಡೆಗೆ ಸೌದೆ ತುರುಕಿ ನೀರು ಕಾಯಿಸಿದ ಅನುಭವವೇ ನನ್ನ ದೊಡ್ಡ ವಿದ್ಯೆಯಾಗಿತ್ತು.

ಅವರದು ಮೇಲಿನ ಮಹಡಿ. ಕೆಳಗೆ ಮನೆಯೊಡತಿ, ಎಪ್ಪತ್ತು ದಾಟಿದ ಹಿರಿಯರು. ಎಲ್ಲರೂ ಅವರನ್ನು ಮೌಜಿ ಎನ್ನುತ್ತಿದ್ದರು. ಕಾಶ್ಮೀರಿಯಲ್ಲಿ ಹಾಗೆಂದರೆ ತಾಯಿ. ಉರ್ದು ಇಬ್ಬರಿಗೂ ಬರುತ್ತಿದ್ದುದರಿಂದ ಮಾತಿಗೆ ಕೊರತೆಯಿರಲಿಲ್ಲ. ಫೆರನ್ನಿನೊಳಗೆ ಕಾಂಗ್ಡಿ ಹಿಡಿದುಕೊಂಡು ಅವರು ದಿನವೂ ಸಂಜೆ ಮಗುವನ್ನು ನೋಡಲು ಮೇಲೆ ಬರುತ್ತಿದ್ದರು.

ಅಲ್ಲಿ ಡಿಸೆಂಬರ್ 21ರಿಂದ ನಲವತ್ತು ದಿನಗಳ ಕಡು ಚಳಿಗಾಲಕ್ಕೆ ಚಿಲ್ಲೈ ಕಲಾನ್ ಎನ್ನುತ್ತಾರೆ. ಆಮೇಲೆ ಇಪ್ಪತ್ತು ದಿನಗಳ ಚಿಲ್ಲೈ ಖುರ್ದ್, ಹತ್ತು ದಿನಗಳ ಚಿಲ್ಲೈ ಬಚ್ಚಾ. ಈ ಹೆಸರಿನ ಮೂಲ ಪಾರ್ಸಿಯ ನಲವತ್ತು. ಉರ್ದು ಮಾತನಾಡುವ ನಮ್ಮ ಮನೆಗಳಲ್ಲಿ ಬಾಣಂತಿಯ ನಲವತ್ತು ದಿನಗಳಿಗೂ ಚಿಲ್ಲಾ ಎಂದೇ ಹೆಸರಲ್ಲವೇ? "ಈ ಸಲ ಈ ಮನೆಗೆ ಎರಡು ಚಿಲ್ಲಾ" ಎಂದು ಮೌಜಿ ನಗುತ್ತಿದ್ದರು.

ಡಿಸೆಂಬರ್ 20ರ ರಾತ್ರಿ. ಹೊರಡುವಾಗ ಮೌಜಿ ಅಡುಗೆಮನೆಗೆ ಹೋಗಿ ಬಂದದ್ದನ್ನು ಕಂಡಿದ್ದೆ. ಎಲ್ಲರೂ ಮಲಗಿದ ಮೇಲೆ ನೀರಿನ ಸದ್ದು ಕೇಳಿಸಿತು. ಹೋಗಿ ನೋಡಿದರೆ ನಲ್ಲಿಯಿಂದ ದಾರದಂತೆ ನೀರು ಇಳಿಯುತ್ತಿದೆ, ಕೆಳಗಿದ್ದ ಬಕೆಟ್ ತುಂಬುತ್ತಾ ಬಂದಿದೆ. ವಯಸ್ಸಾದವರು, ಸರಿಯಾಗಿ ಮುಚ್ಚಿಲ್ಲ ಎಂದುಕೊಂಡೆ. ಬಿಗಿಯಾಗಿ ತಿರುಗಿಸಿ, ಒಳ್ಳೆಯ ಕೆಲಸ ಮಾಡಿದೆನೆಂಬ ತೃಪ್ತಿಯಿಂದ ಮಲಗಿದೆ.

ಆ ರಾತ್ರಿ ಶ್ರೀನಗರದಲ್ಲಿ ಉಷ್ಣಾಂಶ ಮೈನಸ್ 8.5 ಡಿಗ್ರಿಗೆ ಇಳಿಯಿತು. ಐವತ್ತು ವರ್ಷಗಳಲ್ಲೇ ಡಿಸೆಂಬರ್ ತಿಂಗಳ ಅತಿ ಚಳಿಯ ರಾತ್ರಿ ಅದು ಎಂದು ಆಮೇಲೆ ತಿಳಿಯಿತು. ಫಜ್ರ್‌ಗೆ ಎದ್ದು ನಲ್ಲಿ ತಿರುಗಿಸಿದರೆ ಒಂದು ಹನಿಯೂ ಇಲ್ಲ. ನಾನು ಮುಚ್ಚಿ ಮಲಗಿದಾಗ ಬಕೆಟ್ಟಿನಲ್ಲಿದ್ದ ನೀರಿನಲ್ಲೇ ವುಝೂ ಮಾಡಿದೆವು, ಅದರಲ್ಲೇ ಮಗುವಿನ ಬಟ್ಟೆ ಒಗೆದೆವು.

ತಮ್ಮ ಹೇಳಿದ: "ಆಪಾ, ಈ ನಲ್ಲಿಯನ್ನು ರಾತ್ರಿ ಸಣ್ಣಗೆ ಬಿಟ್ಟಿರಬೇಕು. ಮೌಜಿ ದಿನಾ ಬಿಡುತ್ತಿದ್ದರು. ನಿನ್ನೆ ಮರೆತರೇನೋ."

ನಾನು ಸುಮ್ಮನಿದ್ದೆ. ಸತ್ಯ ಹೇಳಬೇಕೆಂದು ಮಕ್ಕಳಿಗೆ ಪಾಠ ಮಾಡುವವಳು ಅರ್ಧ ದಿನ ಬಾಯಿ ಮುಚ್ಚಿಕೊಂಡಿದ್ದೆ. ಹೆಪ್ಪು ಕರಗಿ ನೀರು ಬಂದರೆ ಸಾಕು, ಯಾರಿಗೂ ತಿಳಿಯದೆ ಮುಗಿದುಹೋಗುತ್ತದೆ ಎಂಬ ಆಸೆ.

ಅಸರ್ ಹೊತ್ತಿಗೆ ಪಶ್ಚಿಮದ ಗೋಡೆಗೆ ಬಿಸಿಲು ಬಿತ್ತು. ಹೊರಗೆ ದಢಕ್ಕನೆ ನೀರು ಸುರಿಯುವ ಸದ್ದು. ಪೈಪು ಗೋಡೆಯಿಂದ ಒಳಕ್ಕೆ ತಿರುಗುವ ಕಡೆ ಸೀಳಿಬಿಟ್ಟಿತ್ತು. ಅಟ್ಟದ ಟ್ಯಾಂಕಿನ ವಾಲ್ವ್ ಎಲ್ಲಿದೆಯೆಂದು ತಮ್ಮನಿಗೂ ಗೊತ್ತಿರಲಿಲ್ಲ. ಹುಡುಕಿ ಮುಚ್ಚುವಷ್ಟರಲ್ಲಿ ಟ್ಯಾಂಕಿನ ಬಹುಪಾಲು ನೀರು ಅಂಗಳದಲ್ಲಿತ್ತು. ಸಂಜೆಯಾಗುತ್ತಲೇ ಅದು ಗಾಜಿನ ಹಾಳೆಯಂತೆ ಗಟ್ಟಿಯಾಯಿತು.

ಮೌಜಿ ಮೇಲೆ ಬಂದರು. ಬಂದವರೇ, "ನನ್ನ ತಪ್ಪು ಮಗಳೇ, ಬಿಟ್ಟೆನೆಂದೇ ನೆನಪು. ಈ ವಯಸ್ಸಿನ ನೆನಪನ್ನು ನಂಬುವ ಹಾಗಿಲ್ಲ" ಎಂದರು. ಇನ್ನು ತಡೆಯಲಾಗಲಿಲ್ಲ. ಎಲ್ಲರೆದುರು ಹೇಳಿಬಿಟ್ಟೆ. ತಮ್ಮ ತಲೆ ತಗ್ಗಿಸಿದ. ಆ ಗೋಡೆಯ ಪೈಪಿಗೆ ಹೊದಿಕೆ ಸುತ್ತಲು ಮೌಜಿ ಅಕ್ಟೋಬರಿನಲ್ಲೇ ಹೇಳಿದ್ದರಂತೆ, ಅವನು ಮುಂದಿನ ವಾರ ಮುಂದಿನ ವಾರ ಎಂದು ತಳ್ಳಿದ್ದನಂತೆ. ಹೊದಿಕೆಯಿಲ್ಲದ ಪೈಪಿಗಾಗಿಯೇ ಮೌಜಿ ನಲ್ಲಿ ಬಿಡುತ್ತಿದ್ದುದು. ಬಕೆಟ್ಟಿನಲ್ಲಿ ತುಂಬಿದ ನೀರು ಬೆಳಗ್ಗೆ ಪಾತ್ರೆಗೆ, ಬಟ್ಟೆಗೆ ಬಳಕೆಯಾಗುತ್ತಿತ್ತು. ಪೋಲು ಎಂಬುದೇ ಅಲ್ಲಿರಲಿಲ್ಲ.

ಮೌಜಿ ಬೈಯಲಿಲ್ಲ. "ನೀರು ಉಳಿಸಲು ಹೋದೆ, ಅದು ಒಳ್ಳೆಯದೇ. ಆದರೆ ನನ್ನನ್ನೊಂದು ಮಾತು ಕೇಳಬಹುದಿತ್ತು" ಎಂದರು. ಬೈಗುಳಕ್ಕಿಂತ ಆ ಮಾತೇ ಹೆಚ್ಚು ನಾಟಿತು.

ಪ್ಲಂಬರ್ ಬಂದದ್ದು ಮರುದಿನ ಸಂಜೆ. ಊರಿಗೆ ಊರೇ ಕರೆಯುತ್ತಿದ್ದ ದಿನಗಳು. ಅಲ್ಲಿಯವರೆಗೆ ಮೌಜಿಯ ಮನೆಯಿಂದ ಬಕೆಟ್ ಬಕೆಟ್ ನೀರನ್ನು ಮೆಟ್ಟಿಲೇರಿಸಿದೆವು. ಅವರ ಹಮ್ಮಾಮಿನ ತಾಮ್ರದ ಹಂಡೆಯ ಬಿಸಿನೀರೇ ಬಾಣಂತಿಗೂ ಮಗುವಿಗೂ ಆಯಿತು. ಕಲ್ಲುಹಾಸಿನ ನೆಲದಡಿ ಸೌದೆ ಉರಿಸಿ ಕೋಣೆಯನ್ನೂ ನೀರನ್ನೂ ಒಟ್ಟಿಗೆ ಕಾಯಿಸುವ ಏರ್ಪಾಡು ಅದು. ಅಲ್ಲಿನ ಮಸೀದಿಗಳಲ್ಲೂ ಇರುತ್ತದೆ. ಅವರ ಪೈಪು ಮಾತ್ರ ಒಡೆದಿರಲಿಲ್ಲ. ಗೋಣಿ, ಅದರ ಮೇಲೆ ಫೋಮ್, ಅದರ ಮೇಲೆ ಪ್ಲಾಸ್ಟಿಕ್ ಸುತ್ತಿ ಶರತ್ಕಾಲದಲ್ಲೇ ಅವರು ಅದನ್ನು ಸಿದ್ಧಮಾಡಿದ್ದರು.

ನಾನು ಬಿ.ಎ. ಓದಿದವಳು, ವಿಜ್ಞಾನ ಓದಿದವಳಲ್ಲ. ಪ್ಲಂಬರ್ ಹೇಳಿದ್ದನ್ನೂ ಆಮೇಲೆ ಓದಿ ತಿಳಿದುಕೊಂಡದ್ದನ್ನೂ ಹೇಳುತ್ತೇನೆ. ನೀರು ಮಂಜುಗಡ್ಡೆಯಾಗುವಾಗ ಅದರ ಗಾತ್ರ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ. ತುಂಬಿದ ಗಾಜಿನ ಬಾಟಲಿ ಫ್ರೀಜರಿನಲ್ಲಿ ಒಡೆಯುವುದು ಇದರಿಂದಲೇ. ಪೈಪಿನಲ್ಲಿ ಎಲ್ಲೋ ಒಂದು ಕಡೆ ಗಡ್ಡೆ ಕಟ್ಟಿ ಬೆಳೆಯುತ್ತಾ ಹೋದಾಗ, ಅದಕ್ಕೂ ಮುಚ್ಚಿದ ನಲ್ಲಿಗೂ ನಡುವೆ ಸಿಕ್ಕಿದ ನೀರಿಗೆ ಹೋಗಲು ದಾರಿಯಿಲ್ಲ. ಒತ್ತಡ ಏರುತ್ತದೆ, ದುರ್ಬಲವಾದ ಕಡೆ ಪೈಪು ಸೀಳುತ್ತದೆ. ಆದ್ದರಿಂದಲೇ ಗಡ್ಡೆ ಕಟ್ಟಿದ್ದು ಒಂದು ಕಡೆಯಾದರೆ ಒಡೆದದ್ದು ಇನ್ನೊಂದು ಕಡೆ ಇರಬಹುದು. ನಲ್ಲಿ ಸ್ವಲ್ಪ ತೆರೆದಿದ್ದರೆ ಆ ಒತ್ತಡಕ್ಕೆ ಬಾಗಿಲು ಸಿಗುತ್ತದೆ. ಹರಿಯುವ ನೀರು ಬೇಗ ಹೆಪ್ಪುಗಟ್ಟುವುದೂ ಇಲ್ಲ. ಇನ್ನು ಒಡೆದದ್ದು ಗೊತ್ತಾಗುವುದು ಗಡ್ಡೆ ಕರಗಿದ ಮೇಲೆಯೇ. ಅಲ್ಲಿಯವರೆಗೆ ಮಂಜುಗಡ್ಡೆಯೇ ಬಿರಟೆಯಾಗಿ ಬಿರುಕನ್ನು ಮುಚ್ಚಿರುತ್ತದೆ. ನನ್ನ ತಪ್ಪೂ ಹಾಗೆಯೇ ಅರ್ಧ ದಿನ ಮುಚ್ಚಿತ್ತು.

ಹೊಸ ಬೆಂಡ್ ಹಾಕಿದ ಮೇಲೆ ಹೊದಿಕೆ ಸುತ್ತುವ ಕೆಲಸಕ್ಕೆ ನಾನೇ ಕೈಹಾಕಿದೆ. ಕಪ್ಪು ಫೋಮಿನ ಕೊಳವೆಯನ್ನು ಉದ್ದಕ್ಕೆ ಸೀಳಿ ಪೈಪಿಗೆ ತೊಡಿಸಿ, ಸೀಳಿಗೆ ಟೇಪ್ ಅಂಟಿಸಬೇಕು. ನೇರ ಪೈಪಿಗೆ ಯಾರಾದರೂ ತೊಡಿಸಿಯಾರು. ಜೋಪಾನ ಬೇಕಾದದ್ದು ತಿರುವುಗಳಲ್ಲಿ, ಜೋಡಣೆಗಳಲ್ಲಿ, ವಾಲ್ವಿನ ಬಳಿ, ಪೈಪು ಗೋಡೆ ಹೊಕ್ಕುವ ತೂತಿನಲ್ಲಿ. ಒಂದು ಗೇಣು ಬಿಟ್ಟರೂ ಚಳಿ ಅಲ್ಲಿಯೇ ಹಿಡಿಯುತ್ತದೆ. ಹೊದಿಕೆಯನ್ನು ಹಗ್ಗದಿಂದ ಜಜ್ಜಿ ಬಿಗಿಯಬಾರದು. ಒಳಗೆ ನಿಂತ ಗಾಳಿಯೇ ಶಾಖವನ್ನು ಹಿಡಿದಿಡುವುದು. ಒದ್ದೆಯಾಗಲೂಬಾರದು, ಅದಕ್ಕೇ ಮೇಲೊಂದು ಪ್ಲಾಸ್ಟಿಕ್. ಇಷ್ಟಾದರೂ ಹೊದಿಕೆ ಶಾಖವನ್ನು ಹುಟ್ಟಿಸುವುದಿಲ್ಲ, ಇರುವ ಶಾಖ ಬೇಗ ಹೋಗದಂತೆ ತಡೆಯುತ್ತದೆ, ಅಷ್ಟೆ. "ಫೆರನ್ ಬೆಂಕಿಯಲ್ಲ, ಒಳಗಿನ ಕಾಂಗ್ಡಿಯ ಕಾವಲುಗಾರ" ಎಂದರು ಮೌಜಿ. ಆದ್ದರಿಂದ ಕಡು ಚಳಿಯ ರಾತ್ರಿ ನಲ್ಲಿಯನ್ನು ಸಣ್ಣಗೆ ಬಿಡಬೇಕು. ಮನೆ ಬೀಗ ಹಾಕಿ ಹೋಗುವುದಾದರೆ ವಾಲ್ವ್ ಮುಚ್ಚಿ, ಎಲ್ಲಕ್ಕಿಂತ ಕೆಳಗಿನ ನಲ್ಲಿ ತೆರೆದು ಪೈಪನ್ನು ಬರಿದು ಮಾಡಬೇಕು.

ಪೈಪು ಹೆಪ್ಪುಗಟ್ಟಿದರೆ ಕಾಗದ ಉರಿಸಿ ಕಾಯಿಸುವವರಿದ್ದಾರೆ. ಪ್ಲಾಸ್ಟಿಕ್ ಪೈಪು ಕರಗುತ್ತದೆ, ಬೆಂಕಿ ಮನೆಗೂ ತಗಲಬಹುದು. ಮೊದಲು ನಲ್ಲಿ ತೆರೆದಿಟ್ಟು, ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯನ್ನು ನಲ್ಲಿಯ ಕಡೆಯಿಂದ ಆರಂಭಿಸಿ ಹಿಂದಕ್ಕೆ ಸುತ್ತುತ್ತಾ ಹೋಗಬೇಕು. ಕರಗಿದ ನೀರಿಗೆ ಹೊರಬರಲು ದಾರಿ ಇರಬೇಕಲ್ಲ!

ನಮ್ಮೂರಲ್ಲಿ ನೀರು ಹೆಪ್ಪುಗಟ್ಟುವುದಿಲ್ಲ, ಇದೆಲ್ಲ ನಮಗೇಕೆ ಎನ್ನುವಿರಾ? ಊರಿಗೆ ಮರಳಿದ ಮೇಲೆ ತಾರಸಿ ಹತ್ತಿ ನೋಡಿದೆ. ಸೋಲಾರ್ ಹೀಟರಿನಿಂದ ಇಳಿಯುವ ಬಿಸಿನೀರಿನ ಪೈಪಿಗೂ ಅದೇ ಕಪ್ಪು ಫೋಮ್. ಬಿಸಿಲಿಗೆ ಪುಡಿಯಾಗಿ ಅರ್ಧ ಪೈಪು ಬೆತ್ತಲೆಯಾಗಿತ್ತು. ನೀರು ಬಿಸಿಯೇ ಬರುವುದಿಲ್ಲವೆಂದು ನಾನು ವರ್ಷವಿಡೀ ಗೊಣಗುತ್ತಿದ್ದೆ, ಒಮ್ಮೆಯೂ ಮೇಲೆ ಹತ್ತಿ ನೋಡಿರಲಿಲ್ಲ. ಆ ಭಾನುವಾರವೇ ಹೊಸದು ತಂದು ಸುತ್ತಿದೆ. ನಿಮ್ಮದನ್ನೂ ಒಮ್ಮೆ ನೋಡಿ. ವಾಲ್ವ್ ಎಲ್ಲಿದೆಯೆಂದು ಮನೆಯ ಎಲ್ಲರಿಗೂ ತೋರಿಸಿಕೊಡಿ.

ನೀರು ಪೋಲು ಮಾಡಬಾರದೆಂದು ನಾನು ಈಗಲೂ ಮಕ್ಕಳಿಗೆ ಕಲಿಸುತ್ತೇನೆ. ಅದರ ಜೊತೆಗೆ ಮೌಜಿಯ ಬಕೆಟ್ಟಿನ ಕಥೆಯನ್ನೂ ಹೇಳುತ್ತೇನೆ. ಇನ್ನೊಬ್ಬರ ಮನೆಯಲ್ಲಿ ತಪ್ಪೆಂದು ಕಂಡದ್ದನ್ನು ತಿದ್ದುವ ಮೊದಲು, ಹಾಗೇಕೆ ಮಾಡಿದ್ದಾರೆಂದು ಒಂದು ಮಾತು ಕೇಳಿ. ನಾನು ಕೇಳಿದ್ದರೆ ಆ ಎರಡು ದಿನ ಎಪ್ಪತ್ತು ದಾಟಿದ ಆ ತಾಯಿ ನಮಗಾಗಿ ಮತ್ತೆ ಮತ್ತೆ ನೀರು ಕಾಯಿಸಬೇಕಾಗಿರಲಿಲ್ಲ.