ಅಕ್ಕಿ ಡಬ್ಬದ ಲೆಕ್ಕ

ಮಿತವ್ಯಯ ಎಂಬ ಶಬ್ದವನ್ನು ನಮ್ಮ ಮನೆಯಲ್ಲಿ ಯಾರಾದರೂ ಆಡಿದ್ದು ನನಗೆ ನೆನಪಿಲ್ಲ. ಅದು ಪ್ರಬಂಧ ಸ್ಪರ್ಧೆಯ ಶಬ್ದ. ನಮ್ಮಲ್ಲಿ ಇದ್ದದ್ದು 'ಸಾಕು' ಎಂಬ ಒಂದೇ ಮಾತು. ಸಾಬೂನು ಬಿಲ್ಲೆ ಸವೆದು ಎಲೆಯಂತಾದರೂ ಸಾಕು, ಅಂಗಿಯ ಕಾಲರು ಹರಿದರೆ ತಿರುಗಿಸಿ ಹೊಲಿದರೆ ಸಾಕು, ದೀಪಾವಳಿಗೆ ಒಂದು ಪೊಟ್ಟಣ ನಕ್ಷತ್ರಕಡ್ಡಿ ಸಾಕು. ಆದರೆ ಈ 'ಸಾಕು' ಅಪ್ಪಯ್ಯನ ಬಾಯಲ್ಲಿ ಒಂದು ತೆರನಾಗಿಯೂ ಅಮ್ಮನ ಬಾಯಲ್ಲಿ ಇನ್ನೊಂದು ತೆರನಾಗಿಯೂ ಕೇಳುತ್ತಿತ್ತು. ಈ ಎರಡು 'ಸಾಕು'ಗಳ ನಡುವೆ ಏನಿತ್ತು ಎಂಬುದು ನನಗೆ ಪೂರ್ತಿ ತಿಳಿದದ್ದು 2016ರಲ್ಲಿ. ಆ ಕತೆ ಆಮೇಲೆ.

ನಮ್ಮದು ವಿಲೆ ಪಾರ್ಲೆ ಪೂರ್ವದಲ್ಲಿ ಒಂದು ಖೋಲಿ, ಒಂದು ಅಡುಗೆಮನೆ. ಪಾರ್ಲೆ ಎಂದರೆ ಹೊರಗಿನವರಿಗೆ ಮೊದಲು ನೆನಪಾಗುವುದು ಬಿಸ್ಕತ್ತು. 1929ರಲ್ಲಿ ಆರಂಭವಾದ ಆ ಕಾರ್ಖಾನೆ 2016ರಲ್ಲಿ ಮುಚ್ಚುವವರೆಗೂ ಗ್ಲೂಕೋಸ್ ಬಿಸ್ಕತ್ತು ಬೇಯುವ ಪರಿಮಳ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನವರೆಗೆ ಬರುತ್ತಿತ್ತು. ಲೋಕಲ್ ಟ್ರೇನಿನಲ್ಲಿ ನಿದ್ದೆ ಹೋದವರೂ ಆ ವಾಸನೆಗೆ ಎಚ್ಚತ್ತು ಇಳಿಯುತ್ತಿದ್ದರು. ಪರಿಮಳಕ್ಕೆ ದುಡ್ಡಿಲ್ಲವಲ್ಲ, ನಾವು ಅದನ್ನು ಯಥೇಚ್ಛ ಅನುಭವಿಸಿದೆವು. ಬಿಸ್ಕತ್ತು ಮಾತ್ರ ನೆಂಟರು ಬಂದ ದಿನ, ಎಣಿಸಿ.

ಬಾಡಿಗೆಯ ವಿಷಯದಲ್ಲಿ ನಾವು ಪುಣ್ಯವಂತರು. ಮುಂಬಯಿಯ 1947ರ ಬಾಡಿಗೆ ಕಾಯಿದೆ ಹಳೆಯ ಕಟ್ಟಡಗಳ ಬಾಡಿಗೆಯನ್ನು 1940ರ ಸೆಪ್ಟೆಂಬರಿನ ಮಟ್ಟಕ್ಕೆ ಕಟ್ಟಿಹಾಕಿತ್ತು. ಅಕ್ಕಿಯ ಧಾರಣೆ ಏರಿತು, ಸೀಮೆಎಣ್ಣೆಯದ್ದು ಏರಿತು, ನಮ್ಮ ಬಾಡಿಗೆ ಮಾತ್ರ ತಪಸ್ಸಿಗೆ ಕೂತ ಋಷಿಯ ಹಾಗೆ ಅಲ್ಲಾಡಲಿಲ್ಲ. ಮನೆಯ ಮಾಲಿಕನೂ ಅಷ್ಟೇ, ಮಾಡು ಸೋರಿದರೆ ಅಲ್ಲಾಡುತ್ತಿರಲಿಲ್ಲ. ಮಳೆಗಾಲದಲ್ಲಿ ಖೋಲಿಯಲ್ಲಿ ನಾಲ್ಕು ಬಾಲ್ದಿ, ಒಂದು ಪರಾತ. ಆ ನೀರನ್ನೂ ಅಮ್ಮ ಚೆಲ್ಲಿದವಳಲ್ಲ, ಪಾತ್ರೆ ತೊಳೆಯಲು ಆಯಿತು ಎಂದಳು.

ಅಪ್ಪಯ್ಯ 1952ರಲ್ಲಿ, ಹದಿನಾಲ್ಕನೆಯ ವಯಸ್ಸಿಗೆ, ಕುಂದಾಪುರ ಕಡೆಯಿಂದ ಬಂದು ಫೋರ್ಟಿನ ಒಂದು ಹೋಟೆಲಿನಲ್ಲಿ ಬಟ್ಟಲು ಎತ್ತಿದವರು. ರಾತ್ರಿ ಕನ್ನಡ ಶಾಲೆಯಲ್ಲಿ ಓದಿ, ಪರೀಕ್ಷೆ ಮುಗಿಸಿ, ಅಂಧೇರಿಯ ಕಾರ್ಖಾನೆಯೊಂದರ ಆಫೀಸಿನಲ್ಲಿ ಗುಮಾಸ್ತರಾದರು. ಹೀಗೆ ಬಂದ ಕನ್ನಡಿಗರು ಮುಂಬಯಿಯಲ್ಲಿ ಸಾವಿರಾರು ಮಂದಿ; ಅವರೆಲ್ಲರ ಮಿತವ್ಯಯಕ್ಕೂ ಒಂದೇ ಮುಖವಿದೆ. ಪಾರ್ಲೆಯಿಂದ ಅಂಧೇರಿಗೆ ನಡಿಗೆ. ಬಸ್ಸಿನ ದುಡ್ಡು ಉಳಿಯಿತು. ಬರೆದ ಇನ್‌ಲ್ಯಾಂಡಿನ ಅಂಚಿನಲ್ಲೂ ಅಡ್ಡಡ್ಡ ಬರಹ. ಕೋಣೆಯಿಂದ ಹೊರಗೆ ಕಾಲಿಟ್ಟರೆ ಹಿಂದೆಯೇ ಸ್ವಿಚ್ಚಿನ ಶಬ್ದ. ರದ್ದಿವಾಲಾ ಬಂದಾಗ ಅವನ ತಕ್ಕಡಿಯ ಕೆಳಗೆ ಬಗ್ಗಿ ನೋಡುವುದು, ಅವನು ಒಂದು ಕಿಲೋ ಎಂದರೆ ಇವರು ಒಂದೂಕಾಲು ಎನ್ನುವುದು. 1961ರಿಂದ ವರ್ಷಕ್ಕೊಂದು ಡೈರಿಯಲ್ಲಿ ಖರ್ಚು ಬರೆದಿಟ್ಟಿದ್ದರು, ಐದು ಪೈಸೆಯ ಬೆಂಕಿಪೊಟ್ಟಣ ಸಹಿತ. ನೆಂಟರಿಷ್ಟರಲ್ಲಿ ಅವರಿಗೆ 'ಲೆಕ್ಕದ ಮನುಷ್ಯ' ಎಂಬ ಬಿರುದಿತ್ತು. ಆ ಬಿರುದು ಅವರಿಗೆ ಬಹಳ ಇಷ್ಟ.

ಈಗ ಅಡುಗೆಮನೆಗೆ ಬನ್ನಿ. ಅಲ್ಲಿ ಡೈರಿಯಿರಲಿಲ್ಲ. ಕಲ್ಲಂಗಡಿ ತಂದರೆ ಕೆಂಪು ನಮಗೆ. ಸಿಪ್ಪೆಯ ಬಿಳಿ ಭಾಗವನ್ನು ತುರಿದು ಅಕ್ಕಿಯೊಂದಿಗೆ ರುಬ್ಬಿದರೆ ಮಾರನೆಯ ದಿನದ ದೋಸೆ. ಹೀರೆಕಾಯಿ ಪಲ್ಯವಾದರೆ ಸಿಪ್ಪೆ ಚಟ್ನಿ. ಬಾಳೆಕಾಯಿಗೂ ಅದೇ ಗತಿ. ಮಂಗಳೂರು ಸೌತೆಯ ತಿರುಳು ಗೊಜ್ಜಿಗೆ. ತಿಂಗಳ ಕೊನೆಯ ವಾರ ತಂಬುಳಿಯ ವಾರ: ಒಂದು ಹಿಡಿ ಸೊಪ್ಪು, ಎರಡು ಚಮಚ ಕಾಯಿತುರಿ, ಮಜ್ಜಿಗೆ, ಐದು ಜನರ ಊಟ ಮುಗಿಯಿತು. ಅನ್ನದ ಗಂಜಿ ಮೊದಲು ಕುಡಿಯಲು, ಮಿಕ್ಕದ್ದು ಹತ್ತಿ ಸೀರೆಗೆ. ಊರಿಂದ ಬಸ್ಸಿನಲ್ಲಿ ಬಂದವರು (ಕೊಂಕಣ ರೈಲು 1998ರಲ್ಲಷ್ಟೇ ಪೂರ್ಣವಾದದ್ದು, ಅದಕ್ಕೂ ಮುಂಚೆ ಬಸ್ಸೇ ಗತಿ) ಕುಚ್ಚಲಕ್ಕಿ, ಮಿಡಿ ಉಪ್ಪಿನಕಾಯಿ, ಕೆಮ್ಮಣ್ಣು ಮೆತ್ತಿದ ಹಲಸಿನ ಬೀಜ ತರುತ್ತಿದ್ದರು. ಆ ಬೀಜ ಮಳೆಗಾಲವಿಡೀ ಸಾಂಬಾರಿನಲ್ಲಿ ಬೇಳೆಯ ಕೆಲಸ ಮಾಡುತ್ತಿತ್ತು. ಇದನ್ನೆಲ್ಲ ಈಗ ದೊಡ್ಡ ಹೋಟೆಲುಗಳಲ್ಲಿ ವಿಶೇಷ ತಿನಿಸೆಂದು ಬಡಿಸುತ್ತಾರಂತೆ. ಬಡಿಸಲಿ. ನಮ್ಮಲ್ಲಿ ಅದು ವಿಶೇಷವಾಗಿರಲಿಲ್ಲ, ಇಪ್ಪತ್ತನೆಯ ತಾರೀಖಿನ ನಂತರದ ಅನಿವಾರ್ಯ.

ಅಮ್ಮ ನೆರೆಕರೆಯ ಹೆಂಗಸರ ಸೀರೆಗಳಿಗೆ ಫಾಲ್ ಹಚ್ಚುತ್ತಿದ್ದಳು. ಮಧ್ಯಾಹ್ನ ಕೂತರೆ ದಿನಕ್ಕೆ ಎರಡು ಸೀರೆ. ಕಣ್ಣು ಮಂಜಾಗತೊಡಗಿದ್ದರೂ ಕನ್ನಡಕ ಮಾಡಿಸಲಿಲ್ಲ. ನಾನು ಶಾಲೆಗೆ ಹೊರಡುವ ಮೊದಲು ಹತ್ತು ಸೂಜಿಗಳಿಗೆ ದಾರ ಪೋಣಿಸಿ ಒಂದು ಬಟ್ಟೆಯ ಚೂರಿಗೆ ಚುಚ್ಚಿಟ್ಟು ಹೋಗಬೇಕು. ಹತ್ತು ಸೂಜಿ ಮುಗಿದರೆ ಆ ದಿನದ ಹೊಲಿಗೆ ಮುಗಿಯಿತು. ಕನ್ನಡಕಕ್ಕೆ ಎಷ್ಟಾಗುತ್ತದೆ ಎಂದು ಕೇಳಿದರೆ, "ನಿನ್ನ ಕಣ್ಣು ಉಂಟಲ್ಲ, ಸಾಕು" ಎಂದಳು. ಈ 'ಸಾಕು' ಅಪ್ಪಯ್ಯನ ಡೈರಿಯಲ್ಲಿ ಉಳಿತಾಯವೆಂದು ಎಲ್ಲೂ ನಮೂದಾಗಿಲ್ಲ. ಇದ್ದ ಖರ್ಚು ತಪ್ಪಿದರೆ ತಾನೆ ಲೆಕ್ಕಕ್ಕೆ ಸಿಗುವುದು?

ಹೊಲಿಗೆಯ ದುಡ್ಡಿನಲ್ಲಿ ಒಂದು ಪಾಲು ಮನೆಗೆ. ಇನ್ನೊಂದು ಪಾಲು ಎಲ್ಲಿಗೆ ಎಂದು ಹೇಳಲು ನಾನು ಸ್ವಲ್ಪ ಊರಿಗೆ ಹೋಗಿ ಬರಬೇಕು.

ಉಡುಪಿಯಲ್ಲಿ 1925ರಲ್ಲಿ ಉಪೇಂದ್ರ ಪೈ, ವಾಮನ ಕುಡ್ವ, ಡಾಕ್ಟರ್ ಟಿ. ಎಂ. ಎ. ಪೈ ಸೇರಿ ಎಂಟು ಸಾವಿರ ರೂಪಾಯಿ ಬಂಡವಾಳದಲ್ಲಿ ಒಂದು ಬ್ಯಾಂಕು ತೆರೆದರು. ಕೈಮಗ್ಗದ ನೇಕಾರರು ನೆಲಕಚ್ಚಿದ್ದ ಕಾಲ. ಮೂರು ವರ್ಷ ಕಳೆದು, 1928ರಲ್ಲಿ, ಆ ಬ್ಯಾಂಕು ಪಿಗ್ಮಿ ಠೇವಣಿ ಆರಂಭಿಸಿತು. ಏಜೆಂಟನು ದಿನಾಲೂ ಮನೆಬಾಗಿಲಿಗೆ ಬಂದು ಎರಡಾಣೆಯಾದರೂ ಸರಿ ಕಟ್ಟಿಸಿಕೊಂಡು ಹೋಗುವ ವ್ಯವಸ್ಥೆ. ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಹೆಸರಾಗಿ, 1969ರಲ್ಲಿ ರಾಷ್ಟ್ರೀಕರಣವಾಗಿ, 2020ರ ಏಪ್ರಿಲಿನಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾದದ್ದು ಇದೇ. ಬ್ಯಾಂಕಿಗೆ ಹೋಗಲು ಸಂಕೋಚಪಡುವವರ ಬಳಿಗೆ ಬ್ಯಾಂಕೇ ನಡೆದು ಬಂದದ್ದು ದೊಡ್ಡ ಸಂಗತಿ. ನಮ್ಮ ಅಜ್ಜಿಯೂ ಪಿಗ್ಮಿ ಕಟ್ಟುತ್ತಿದ್ದರು. ಆದರೆ ಏಜೆಂಟನಿಗೆ ಅವರದೊಂದು ಕಟ್ಟಪ್ಪಣೆ: ಗಂಡಸರು ಗದ್ದೆಗೆ ಇಳಿದ ಮೇಲೆಯೇ ಬರಬೇಕು, ಅಂಗಳದ ಬದಿಯಲ್ಲಿ ನಿಲ್ಲಬೇಕು, ಹೆಸರು ಕೂಗಬಾರದು. ಅರ್ಥಶಾಸ್ತ್ರದ ಪುಸ್ತಕದಲ್ಲಿ ಪಿಗ್ಮಿಯ ಬಗ್ಗೆ ಬರೆಯುವವರು ಈ ಅಪ್ಪಣೆಯನ್ನೂ ಒಂದು ಸಾಲು ಸೇರಿಸಬೇಕೆಂದು ನನ್ನ ಅಭಿಪ್ರಾಯ.

ಪಾರ್ಲೆಯ ನಮ್ಮ ಬಾಗಿಲಿಗೆ ಅಂಥ ಏಜೆಂಟ್ ಬರಲಿಲ್ಲ. ಅಮ್ಮನಿಗೆ ಇದ್ದದ್ದು ಎರಡು ಬ್ಯಾಂಕು. ಒಂದು, ಕಟ್ಟಡದ ಹೆಂಗಸರ ಭಿಶಿ. ಹನ್ನೆರಡು ಮಂದಿ ತಿಂಗಳಿಗೆ ಹತ್ತು ಹತ್ತು ರೂಪಾಯಿ ಹಾಕುವುದು, ಚೀಟಿ ಎತ್ತಿದಾಗ ಹೆಸರು ಬಂದವಳಿಗೆ ಅಷ್ಟೂ ಕೊಡುವುದು. ಬಡ್ಡಿಯಿಲ್ಲ, ಕಾಗದವಿಲ್ಲ, ಮೋಸವೂ ಇಲ್ಲ. ಮೋಸ ಮಾಡಿದವಳು ಮಾರನೆಯ ದಿನ ಅದೇ ನಲ್ಲಿಯ ಸಾಲಿನಲ್ಲಿ ನಿಲ್ಲಬೇಕಲ್ಲ! ಇನ್ನೊಂದು, ಅಟ್ಟದ ಮೇಲಿದ್ದ ಕುಚ್ಚಲಕ್ಕಿಯ ಸ್ಟೀಲ್ ಡಬ್ಬ. ಆ ಡಬ್ಬವೂ ದುಡ್ಡು ಕೊಟ್ಟು ತಂದದ್ದಲ್ಲ. ಹಳೆ ಬಟ್ಟೆಗೆ ಪಾತ್ರೆ ಕೊಡುವ ಭಾಂಡೀವಾಲಿಯೊಂದಿಗೆ ಎರಡು ಗಂಟೆ ಚೌಕಾಸಿ ಮಾಡಿ, ಮೂರು ಸೀರೆ, ಅಪ್ಪಯ್ಯನ ಎರಡು ಪ್ಯಾಂಟು ಕೊಟ್ಟು ಪಡೆದದ್ದು. ನೋಟನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅಕ್ಕಿಯ ತಳದಲ್ಲಿ ಹುಗಿದಿಟ್ಟರೆ ಇಲಿಯಿಲ್ಲ, ಹುಳುವಿಲ್ಲ, ಗಂಡಸರ ಕೈಯಂತೂ ಅಲ್ಲಿಗೆ ಹೋಗುವುದಿಲ್ಲ.

ಆ ದುಡ್ಡು ಸುಮ್ಮನೆ ಕೂತಿರಲಿಲ್ಲ. ಊರಲ್ಲಿ ನಮ್ಮ ಚಿಕ್ಕಮ್ಮ ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ಬೀಡಿ ಕಟ್ಟಿ ಇಬ್ಬರು ಮಕ್ಕಳನ್ನು ಸಾಕುತ್ತಿದ್ದರು. ಆ ಚಿಕ್ಕಪ್ಪನಿಗೂ ಅಪ್ಪಯ್ಯನಿಗೂ ಹಿಂದೆ ಸಾಲದ ವಿಷಯದಲ್ಲಿ ಜಗಳವಾಗಿತ್ತು, ಸಾಲ ವಾಪಸು ಬಂದಿರಲಿಲ್ಲ. ಸತ್ತವನ ಮೇಲಿನ ಸಿಟ್ಟು ಇದ್ದವಳ ಮೇಲೆ ಉಳಿದುಕೊಂಡಿತು. "ಆ ಮನೆಗೆ ಒಂದು ಪೈಸೆ ಹೋಗಬಾರದು" ಎಂದು ಅಪ್ಪಯ್ಯ ಹೇಳಿದ್ದರು. ಅಮ್ಮ ಎದುರು ಮಾತಾಡಲಿಲ್ಲ. ಎರಡು ಮೂರು ತಿಂಗಳಿಗೊಮ್ಮೆ ಮನಿಯಾರ್ಡರ್ ಮಾಡಿದಳು. ಮನಿಯಾರ್ಡರಿನಲ್ಲಿ ಒಂದು ತೊಡಕಿತ್ತು. ದುಡ್ಡು ಪಡೆದವರ ಸಹಿಯ ಚೀಟಿ ಕಳಿಸಿದವರ ವಿಳಾಸಕ್ಕೆ ವಾಪಸು ಬರುತ್ತಿತ್ತು. ಪೋಸ್ಟ್‌ಮ್ಯಾನ್ ಭಾನುವಾರ ಬಿಟ್ಟು ಯಾವ ದಿನವೂ ತರಬಹುದಿತ್ತು. ಅದಕ್ಕೆ ಅಮ್ಮ ಎದುರು ಖೋಲಿಯ ಮರಾಠಿ ಮಾವ್ಶಿಯ ವಿಳಾಸ ಬರೆಸುತ್ತಿದ್ದಳು. ಫಾರ್ಮು ತುಂಬುತ್ತಿದ್ದವನು ನಾನು. "ಅಪ್ಪಯ್ಯಂಗೆ ಹೇಳುಕಾಗ" ಎಂದು ಒಮ್ಮೆ ಹೇಳಿದ್ದಳು, ಎರಡನೆಯ ಸಲ ಹೇಳಬೇಕಾಗಲಿಲ್ಲ.

ನಾನು ಕಾಲೇಜಿಗೆ ಹೋಗುವಾಗ ಇಂದಿರಾ ವಿಕಾಸ ಪತ್ರ ಬಂತು, 1986ರಲ್ಲಿ. ಇನ್ನೂರೈವತ್ತು ಕೊಟ್ಟರೆ ಐನೂರರ ಪತ್ರ, ಐದು ವರ್ಷಕ್ಕೆ ದುಪ್ಪಟ್ಟು. ಅದರ ಮೇಲೆ ಕೊಂಡವರ ಹೆಸರೇ ಇರುತ್ತಿರಲಿಲ್ಲ. ಯಾರ ಕೈಯಲ್ಲಿದೆಯೋ ಅವರದ್ದು. ಪೇಪರಿನಲ್ಲಿ ಓದಿ ಹೇಳಿದಾಗ ಅಮ್ಮ ಎರಡು ಸಲ ಕೇಳಿದಳು: "ಹೆಸರು ಬೇಡವಾ? ಸಹಿ ಬೇಡವಾ?" ಎರಡು ಪತ್ರ ತರಿಸಿದಳು. ಸರ್ಕಾರಿ ಯೋಜನೆಗಳಲ್ಲಿ ಅವಳಿಗೆ ಮನಸ್ಸಿಗೆ ಹಿಡಿಸಿದ್ದು ಅದೊಂದೇ. ಕಪ್ಪು ಹಣದವರಿಗೂ ಅದು ಹಿಡಿಸಿತೆಂಬ ದೂರಿತ್ತು, 1999ರಲ್ಲಿ ಮಾರಾಟ ನಿಂತಿತು. ಆ ಪತ್ರಗಳ ದುಡ್ಡು ಚಿಕ್ಕಮ್ಮನ ಮಗಳ ಮದುವೆಗೆ ಹೋಯಿತು. ಮದುವೆಗೆ ನಾವು ಹೋಗಲಿಲ್ಲ.

ಅರ್ಥಶಾಸ್ತ್ರದ ವಿದ್ಯಾರ್ಥಿಗಳು ಇಲ್ಲಿ ನಗಬಹುದು. ಡಬ್ಬದ ದುಡ್ಡಿಗೆ ಬಡ್ಡಿಯಿಲ್ಲ, ಬೆಲೆಯೇರಿಕೆ ಅದನ್ನು ಒಳಗಿಂದೊಳಗೇ ತಿನ್ನುತ್ತದೆ, ಅಂಚೆ ಕಚೇರಿಯಲ್ಲಿಟ್ಟಿದ್ದರೆ ಇಷ್ಟಾಗುತ್ತಿತ್ತು ಎಂದು. ಲೆಕ್ಕ ಸರಿ. ಆದರೆ ಪಾಸ್‌ಬುಕ್ಕು ಎಂದರೆ ಎಲ್ಲರೂ ಓದಬಹುದಾದ ಪುಸ್ತಕ. ಅಮ್ಮ ಬಡ್ಡಿ ಬಿಟ್ಟು ಕೊಂಡುಕೊಂಡದ್ದು ಏನನ್ನು ಎಂದು ಆ ಲೆಕ್ಕದಲ್ಲಿ ಬರುವುದಿಲ್ಲ.

2016ರ ನವೆಂಬರ್ 8, ರಾತ್ರಿ ಎಂಟು ಗಂಟೆ. ಪ್ರಧಾನಮಂತ್ರಿಗಳು ಟಿವಿಯಲ್ಲಿ ಐನೂರು, ಸಾವಿರದ ನೋಟು ನಡುರಾತ್ರಿಯಿಂದ ನಡೆಯುವುದಿಲ್ಲ ಎಂದರು. 1978ರಲ್ಲೂ ನೋಟು ರದ್ದಾಗಿತ್ತು, ಆದರೆ ಅದು ಸಾವಿರ, ಐದು ಸಾವಿರ, ಹತ್ತು ಸಾವಿರದ್ದು. ನಮ್ಮಂಥವರು ಅವುಗಳ ಬಣ್ಣವನ್ನೂ ಕಂಡವರಲ್ಲ. ಈ ಸಲ ಹಾಗಲ್ಲ. ಅಪ್ಪಯ್ಯ ತನ್ನ ಪರ್ಸು ತೆಗೆದು, ಇದ್ದ ಮೂರು ನೋಟು ಎಣಿಸಿ, "ನಮ್ಗೆಂತ ತೊಂದರೆ ಇಲ್ಲ, ಎಲ್ಲ ಬ್ಯಾಂಕಲ್ಲುಂಟು" ಎಂದು ಹೆಮ್ಮೆಯಿಂದ ಮಲಗಿದರು. ಅಮ್ಮ ಮಲಗಲಿಲ್ಲ.

ಗೃಹಿಣಿಯರು ಎರಡೂವರೆ ಲಕ್ಷದವರೆಗೆ ಜಮಾ ಮಾಡಿದರೆ ವಿಚಾರಣೆ ಇಲ್ಲವೆಂದು ಸರ್ಕಾರ ಅಭಯ ಕೊಟ್ಟಿತು. ಆದಾಯ ತೆರಿಗೆಯವರು ಕೇಳುವುದಿಲ್ಲ, ಸರಿ, ಮನೆಯವರು ಕೇಳುತ್ತಾರಲ್ಲ! ಮೂರನೆಯ ದಿನ ಅಮ್ಮ ನನ್ನನ್ನು ಅಡುಗೆಮನೆಗೆ ಕರೆದಳು. ನನ್ನ ಖಾತೆಗೆ ಹಾಕುತ್ತೇನೆ ಎಂದೆ. ಸ್ವಲ್ಪ ಹೊತ್ತು ಯೋಚಿಸಿ, "ಬೇಡ ಮಗಾ, ನಿನ್ನ ಖಾತೆಗೆ ಹೋದರೆ ಅದು ನಿನ್ನ ದುಡ್ಡಾಗುತ್ತದೆ" ಎಂದಳು. ಇದ್ದ ಇನ್ನೊಂದು ಖಾತೆ ಅಪ್ಪಯ್ಯನ ಜತೆಗಿನ ಜಂಟಿ ಖಾತೆ. ಕೊನೆಗೆ ಪ್ಲಾಸ್ಟಿಕ್ಕಿನ ಕಟ್ಟನ್ನು ಅವಳೇ ತಂದು ಅಪ್ಪಯ್ಯನ ಮುಂದೆ ಚಾಪೆಯ ಮೇಲಿಟ್ಟಳು. ನೋಟಿನ ಜತೆ ನಾಲ್ಕು ಅಕ್ಕಿಕಾಳು.

ಲೆಕ್ಕದ ಮನುಷ್ಯ ಎರಡು ಸಲ ಎಣಿಸಿದರು. ಎಂಬತ್ತಮೂರು ಸಾವಿರದ ಐನೂರು.

"ಇಷ್ಟು ನಿಂಗೆ ಎಲ್ಲಿಂದ?"

"ನೀವು ಕೊಟ್ಟದ್ದರಲ್ಲೇ. ಹೊಲಿಗೆಯದ್ದೂ ಉಂಟು."

"ತಂಗಿಗೆ ಕಳ್ಸಿದ್ಯಾ?"

"ಹೌದು."

"ಎಷ್ಟು ವರ್ಷ?"

"ಅವಳ ಮಕ್ಕಳು ದೊಡ್ಡ ಆಗುವವರೆಗೆ."

ಅಪ್ಪಯ್ಯ ಮತ್ತೇನೂ ಕೇಳಲಿಲ್ಲ. ಚಪ್ಪಲಿ ಮೆಟ್ಟಿ ಹೊರಗೆ ಹೋದರು, ಒಂದೂವರೆ ಗಂಟೆ ಬಿಟ್ಟು ಬಂದರು. ಎಲ್ಲಿಗೆ ಹೋಗಿದ್ದರೆಂದು ಯಾರೂ ಕೇಳಲಿಲ್ಲ. ಮಾರನೆಯ ಬೆಳಿಗ್ಗೆ ಏಳಕ್ಕೇ ತಯಾರಾಗಿ, "ಇವಳ ಹೆಸರಲ್ಲೇ ಖಾತೆ ಮಾಡಿಸುದು, ಪ್ಯಾನ್ ಕಾರ್ಡ್ ಎಲ್ಲಿ ನೋಡು" ಎಂದು ನನಗೆ ಹೇಳಿದರು. ಎಪ್ಪತ್ತೆಂಟರ ವಯಸ್ಸಿನಲ್ಲಿ ಹಿರಿಯ ನಾಗರಿಕರ ಸಾಲಿನಲ್ಲಿ ಅವಳಿಗಾಗಿ ನಿಂತರು. ಆ ದಿನಗಳ ಗದ್ದಲದಲ್ಲಿ ಖಾತೆಯಾಗಲು ಎರಡು ವಾರ ಹಿಡಿಯಿತು, ನಾಲ್ಕು ಸಲ ಹೋಗಬೇಕಾಯಿತು. ಅಪ್ಪಯ್ಯ 2018ರಲ್ಲಿ ತೀರಿಕೊಂಡ ಮೇಲೆ ಅವರ ಡೈರಿಗಳನ್ನು ತಿರುವುವಾಗ ಆ ನವೆಂಬರಿನ ಪುಟ ಸಿಕ್ಕಿತು. ಜಗಳವಿಲ್ಲ, ಸಮಾಧಾನವಿಲ್ಲ, ಒಂದು ಸಾಲು: 'ಬ್ಯಾಂಕಿಗೆ, ಇಬ್ಬರು, ರಿಕ್ಷಾ, ರೂ. 18'. 1961ರಿಂದ ಆವರೆಗಿನ ಡೈರಿಗಳಲ್ಲಿ ಆಸ್ಪತ್ರೆಗೆ ಹೊರತು ರಿಕ್ಷಾ ಖರ್ಚು ನನಗೆ ಬೇರೆಲ್ಲೂ ಕಾಣಲಿಲ್ಲ.

ರದ್ದಾದ ನೋಟುಗಳಲ್ಲಿ ಶೇಕಡಾ 99.3ರಷ್ಟು ಬ್ಯಾಂಕುಗಳಿಗೆ ಮರಳಿತೆಂದು ರಿಸರ್ವ್ ಬ್ಯಾಂಕು 2018ರಲ್ಲಿ ವರದಿ ಮಾಡಿತು. ಅದರಲ್ಲಿ ಅಕ್ಕಿ ಡಬ್ಬಗಳಿಂದ ಬಂದದ್ದೆಷ್ಟು ಎಂಬ ಕಲಮು ಆ ವರದಿಯಲ್ಲಿಲ್ಲ.

ಖಾತೆಗೆ ನನ್ನ ಫೋನ್ ನಂಬರು ಕೊಟ್ಟಿದ್ದೆವು. ಅಮ್ಮ ಮೊದಲ ಸಲ ಎರಡು ಸಾವಿರ ತೆಗೆದಾಗ ನನ್ನ ಫೋನು ಟಿಣ್ ಎಂದಿತು. ಸಂಜೆ, "ದುಡ್ಡು ತೆಗೆದ್ಯಾ ಅಮ್ಮ?" ಎಂದೆ. "ನಿಂಗೆ ಹೇಗೆ ಗೊತ್ತಾಯ್ತು?" ಎಂದಳು. ಹೇಳಿದೆ. ಅವಳ ಮುಖ ನೋಡಿ ಮಾರನೆಯ ವಾರವೇ ಅವಳಿಗೊಂದು ಸಣ್ಣ ಫೋನು ತಂದು ನಂಬರು ಬದಲಿಸಿದೆ. ಆ ಸಂದೇಶಗಳನ್ನು ಅವಳಿಗೆ ಓದಲು ಬರುವುದಿಲ್ಲ. ಆದರೆ ಟಿಣ್ ಎನ್ನುವುದು ಈಗ ಅವಳ ಸೆರಗಿನ ಪಕ್ಕದಲ್ಲಿ.

2023ರ ಮೇ ತಿಂಗಳಲ್ಲಿ ಎರಡು ಸಾವಿರದ ನೋಟು ಹಿಂತೆಗೆಯುತ್ತಾರೆಂದು ಸುದ್ದಿ ಬಂದಾಗ, ಡಬ್ಬದಲ್ಲಿ ಉಂಟಾ ಎಂದು ನನ್ನ ಹೆಂಡತಿ ಅತ್ತೆಯನ್ನು ಮೆಲ್ಲಗೆ ಕೇಳಿದಳು. "ಅಷ್ಟು ದೊಡ್ಡ ನೋಟನ್ನು ನಾನು ಒಳಗೇ ಸೇರಿಸ್ಲಿಲ್ಲ ಮಾರಾಯ್ತಿ, ಎಲ್ಲ ನೂರರದ್ದೇ" ಎಂದು ನಕ್ಕಳಂತೆ. ಅಟ್ಟದ ಮೇಲೆ ಆ ಸ್ಟೀಲ್ ಡಬ್ಬ ಕಾಣದೆ ವರ್ಷಗಳಾದವು. ಎಲ್ಲಿದೆ ಎಂದು ನಾನು ಕೇಳಿಲ್ಲ.